9 ವರ್ಷ ನಿಂತ ಲಾರಿ: ಎಂಜಿನ್ ಮನೆಯಲ್ಲೇ ಕಟ್ಟಬಹುದೇ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಲಾರಿ 9 ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಆರು ಸಿಲಿಂಡರಿನ ಹಳೆ ಡೀಸೆಲ್ ಎಂಜಿನ್, ಟರ್ಬೊ ಇಲ್ಲ. ನಿಲ್ಲಿಸಿದ ದಿನ ಚೆನ್ನಾಗಿಯೇ ಓಡುತ್ತಿತ್ತು. ನಡುವೆ ಯಾವಾಗಲೋ ಸೈಲೆನ್ಸರ್ ಪೈಪು ಕಳಚಿ ಬಿದ್ದಿದೆ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದೆ. 'ಟಕ್' ಅಂದಿತು, ಅಷ್ಟೇ. ಪರಿಚಯದ ಡ್ರೈವರೊಬ್ಬರು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚಿ ಡೀಸೆಲ್ ಸುರಿದು ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿ ಅನ್ನುತ್ತಾರೆ. ಪಕ್ಕದ ಮನೆಯವರು ಟಾಯ್ಲೆಟ್ ಆಸಿಡ್ಡಿನಲ್ಲಿ ನೆನೆಸಿದರೆ ತುಕ್ಕು ನಿಮಿಷದಲ್ಲಿ ಹೋಗುತ್ತದೆ ಅಂದರು. ತಮ್ಮ ಬ್ಯಾಟರಿ ಚಾರ್ಜರಿನಿಂದ ತುಕ್ಕು ತೆಗೆಯುವ ವಿಡಿಯೊ ತೋರಿಸಿದ. ನನಗೆ ಪಾನಾ ಹಿಡಿದು ಅಭ್ಯಾಸವಿದೆ, ಬೈಕಿನ ಎಂಜಿನ್ ಎರಡು ಸಲ ಬಿಚ್ಚಿ ಕಟ್ಟಿದ್ದೇನೆ. ಲಾರಿಯದ್ದನ್ನೂ ಮನೆಯಲ್ಲೇ ಮಾಡಬಹುದೇ? ತುಕ್ಕು ತೆಗೆಯಲು ಹೋಗಿ ಉಳಿದದ್ದನ್ನೂ ಕೆಡಿಸಿಬಿಡುತ್ತೇನೇನೋ ಅನ್ನುವುದೇ ಹೆದರಿಕೆ.

ಉತ್ತರ: ಮೊದಲು ಒಂದು ಮಾತು. ಇನ್ನೊಂದು ಸಲ ಸೆಲ್ಫ್ ಹೊಡೆಯಬೇಡಿ. ಎಳೆಸುವ ಮಾತನ್ನಂತೂ ಬಿಟ್ಟೇಬಿಡಿ. ಉಳಿದದ್ದಕ್ಕೆಲ್ಲ ಪುರುಸೊತ್ತಿದೆ. 9 ವರ್ಷ ಕಾದ ಎಂಜಿನ್ ಇನ್ನೆರಡು ತಿಂಗಳು ಕಾಯುತ್ತದೆ.

ಜಾಮ್ ಬಿಡಿಸುವುದು ಹೇಗೆ, ತುಕ್ಕು ತೆಗೆಯುವುದು ಹೇಗೆ ಎಂದು ಎರಡು ಪ್ರಶ್ನೆ ಕೇಳಿದ್ದೀರಿ. ಕೇಳದೆ ಬಿಟ್ಟ ಮೂರನೆಯದೇ ನನ್ನ ಲೆಕ್ಕದಲ್ಲಿ ದೊಡ್ಡದು: ತುಕ್ಕು ಹೋದ ಮೇಲೆ ಅಲ್ಲಿ ಉಳಿದ ಲೋಹ ಕೆಲಸಕ್ಕೆ ಬರುತ್ತದೆಯೇ? ತುಕ್ಕು ಕಬ್ಬಿಣದ ಮೇಲೆ ಕೂತ ಕೊಳೆಯಲ್ಲ. ಅದೂ ಕಬ್ಬಿಣವೇ, ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಬೇರೆ ರೂಪ ತಾಳಿದ ಕಬ್ಬಿಣ. ಯಾವ ವಿಧಾನದಲ್ಲಿ ತೆಗೆದರೂ ಅಷ್ಟು ಲೋಹ ಹೋಯಿತೆಂದೇ ಲೆಕ್ಕ. ಸೈಲೆನ್ಸರ್ ಬ್ರ್ಯಾಕೆಟ್ಟಿನಲ್ಲಿ ಕೂದಲೆಳೆಯಷ್ಟು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ನುಣುಪು ಭಾಗ) ಮೇಲೆ ಅಷ್ಟೇ ಹೋದರೆ ಆ ಕ್ರ್ಯಾಂಕನ್ನು ಇದ್ದ ಹಾಗೇ ಮತ್ತೆ ಕೂರಿಸುವಂತಿಲ್ಲ. ತುಕ್ಕು ಬಿಡಿಸುವ ವಿಡಿಯೊಗಳಲ್ಲಿ ಕೊನೆಗೆ ಹೊಳೆಯುವ ಭಾಗ ತೋರಿಸುತ್ತಾರೆ, ಅದರ ಪಕ್ಕ ಮೈಕ್ರೊಮೀಟರ್ ಇಟ್ಟದ್ದನ್ನು ನಾನಂತೂ ನೋಡಿಲ್ಲ.

ಈಗ ನಿಮ್ಮ ಎಂಜಿನ್ ಯಾಕೆ ಹಿಡಿದುಕೊಂಡಿದೆ ಅನ್ನುವುದಕ್ಕೆ ಬರೋಣ. ಸುಳಿವು ನಿಮ್ಮ ಪತ್ರದಲ್ಲೇ ಇದೆ: ಸೈಲೆನ್ಸರ್ ಪೈಪು ಬಿದ್ದುಹೋಗಿದೆ. ಎಂಜಿನ್ ನಿಂತಾಗ ಎಲ್ಲ ವಾಲ್ವುಗಳೂ ಮುಚ್ಚಿಕೊಂಡು ನಿಲ್ಲುವುದಿಲ್ಲ. ಆರರಲ್ಲಿ ಒಂದೆರಡು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ. ಥಂಡಿ ಗಾಳಿ ಆ ಬಾಗಿಲಿನಿಂದ ಒಳಗೆ ಹೋಗಿ ಬರುತ್ತಿರುತ್ತದೆ. ರಾತ್ರಿ ಲೋಹ ತಣ್ಣಗಾದಾಗ ಲೈನರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆಯ ಮೇಲೆ ಬೆವರಿನ ಹಾಗೆ ನೀರಿನ ಪಸೆ ಕೂರುತ್ತದೆ. ಲೈನರಿನ ಎಣ್ಣೆ ಪೊರೆ ಕೆಲವು ತಿಂಗಳಲ್ಲೇ ಇಳಿದುಹೋಗಿರುತ್ತದೆ. ಪಿಸ್ಟನ್ ಸುತ್ತ ಎರಕದ ಕಬ್ಬಿಣದ ರಿಂಗು, ಎರಕದ ಕಬ್ಬಿಣದ ಲೈನರು, ನಡುವೆ ನೀರು. ತುಕ್ಕಾದ ಕಬ್ಬಿಣ ಮೊದಲಿನ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ರಿಂಗಿನ ಸುತ್ತ ಇರುವ ಜಾಗವೇ ಕೂದಲೆಳೆಯಷ್ಟು. ಹಾಗಾಗಿ ಅದು ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ. ಇದರಲ್ಲಿ ಒಂದು ಸಮಾಧಾನದ ವಿಷಯವೂ ಇದೆ. ಹೀಗೆ ಹಿಡಿದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಒಂದೆರಡು ಸಿಲಿಂಡರ್ ಮಾತ್ರ ತಪ್ಪಿತಸ್ಥರು, ಉಳಿದವು ಎಣ್ಣೆಗಪ್ಪಿನಲ್ಲಿ ನೆಮ್ಮದಿಯಾಗಿ ಕೂತಿರುತ್ತವೆ.

ಆದರೆ ಹಿಡಿದುಕೊಂಡಿರುವುದು ಪಿಸ್ಟನ್ನೇ ಎಂದು ತೀರ್ಮಾನಿಸುವ ಮುಂಚೆ ಸುತ್ತಮುತ್ತ ನೋಡಿ. ಗೇರು ನ್ಯೂಟ್ರಲ್‌ನಲ್ಲಿದೆಯೇ? ಸೆಲ್ಫ್ ಮೋಟರಿನ ಪಿನಿಯನ್ ಫ್ಲೈವೀಲ್ ಹಲ್ಲಿಗೆ ಕಚ್ಚಿಕೊಂಡು ಕೂತಿದೆಯೇ? ಏರ್ ಬ್ರೇಕಿನ ಕಂಪ್ರೆಸರ್ ಎಷ್ಟೋ ಲಾರಿಗಳಲ್ಲಿ ಎಂಜಿನ್ ಗೇರಿನಿಂದಲೇ ತಿರುಗುತ್ತದೆ. ಅದು ತುಕ್ಕು ಹಿಡಿದರೂ ಇಡೀ ಎಂಜಿನ್ ನಿಂತಂತೆ ಕಾಣುತ್ತದೆ. ಡೀಸೆಲ್ ಪಂಪೂ ಹಾಗೆಯೇ, ಹಳೆ ಡೀಸೆಲ್ ಒಳಗೆ ಅಂಟಾಗಿ ಗಟ್ಟಿಯಾಗಿರುತ್ತದೆ. ಸೆಲ್ಫ್ ಮೋಟರು ಮತ್ತು ಕಂಪ್ರೆಸರ್ ಬಿಚ್ಚಿ ಪಕ್ಕಕ್ಕಿಡಲು ಅರ್ಧ ದಿನ ಸಾಕು. ಆ ಅರ್ಧ ದಿನವನ್ನು ಯಾರೂ ಕೊಡುವುದಿಲ್ಲ, ನೇರ ಸಿಲಿಂಡರುಗಳ ಮೇಲ್ಮುಚ್ಚಳವಾದ ಹೆಡ್ಡಿಗೇ ಕೈ ಹಾಕುತ್ತಾರೆ.

ಇನ್ನು ಡ್ರೈವರು ಕೊಟ್ಟ ಸಲಹೆ. ಅದರಲ್ಲಿ ಅರ್ಧ ಸರಿ, ಅರ್ಧ ಅಪಾಯ. ನಾಜಲ್ ಬಿಚ್ಚಿ ಮೇಲಿನಿಂದ ಏನಾದರೂ ಸುರಿಯಬೇಕು ಅನ್ನುವುದು ಸರಿ. ಬರೀ ಡೀಸೆಲ್ ತೆಳುವೇನೋ ಹೌದು, ತುಕ್ಕಿನ ಒಳಗೆ ನುಗ್ಗುವ ಶಕ್ತಿ ಮಾತ್ರ ಕಡಿಮೆ. ತುಕ್ಕು ಬಿಡಿಸುವ ಪೆನಿಟ್ರೇಟಿಂಗ್ ಆಯಿಲ್ ವಾಸಿ. ಆಟೊಮ್ಯಾಟಿಕ್ ಗೇರ್ ಆಯಿಲ್ ಮತ್ತು ಅಸಿಟೋನ್ ಸಮ ಪಾಲು ಬೆರೆಸಿ ಹಾಕುವವರೂ ಇದ್ದಾರೆ. ಕೆಲಸ ಮಾಡುತ್ತದೆ, ಆದರೆ ಅಸಿಟೋನ್ ಕಿಡಿ ಕಂಡರೆ ಭಗ್ಗೆನ್ನುವ ವಸ್ತು, ಶೆಡ್ಡಿನ ಬಾಗಿಲು ತೆರೆದಿರಬೇಕು. ಒಂದು ರಾತ್ರಿ ಸಾಲುವುದಿಲ್ಲ. ದಿನಕ್ಕೊಂದು ಸಲ ಸ್ವಲ್ಪ ಸ್ವಲ್ಪ ಹಾಕುತ್ತ ವಾರ, ಎರಡು ವಾರ ಬಿಡಿ.

ಎಳೆಸುವುದು ಯಾಕೆ ಬೇಡ? ಪಿಸ್ಟನ್ ಮೇಲೆ ನಿಂತ ಎಣ್ಣೆಯನ್ನು ಗಾಳಿಯ ಹಾಗೆ ಹಿಚುಕಲು ಬರುವುದಿಲ್ಲ. ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತುತ್ತದೆ. ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಚಿಕ್ಕದು. ಅಲ್ಲಿ ಅರ್ಧ ಲೋಟ ಎಣ್ಣೆ ಇದ್ದು, ಹಿಂದಿನಿಂದ ಲಾರಿಯ ತೂಕವೆಲ್ಲ ಚಕ್ರದ ಮೂಲಕ ಕ್ರ್ಯಾಂಕನ್ನು ತಿರುಗಿಸಿದರೆ ಮಣಿಯುವುದು ಕನೆಕ್ಟಿಂಗ್ ರಾಡ್. ಬಾಗಿದ ರಾಡ್ ಹೊರಗಿನಿಂದ ಕಾಣುವುದಿಲ್ಲ. ಎಂಜಿನ್ ಸ್ಟಾರ್ಟ್ ಕೂಡ ಆಗಬಹುದು, ಸ್ವಲ್ಪ ದಿನ ಓಡಲೂಬಹುದು. ಆಮೇಲೊಂದು ದಿನ ಬ್ಲಾಕಿನ ಪಕ್ಕೆ ಒಡೆದುಕೊಂಡು ರಾಡ್ ಹೊರಗೆ ಬರುತ್ತದೆ.

ಕೈಯಿಂದ ತಿರುಗಿಸಿ. ಆರೂ ನಾಜಲ್ ಹೊರಗಿರಲಿ. ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಉದ್ದ ಹಿಡಿಕೆ ಕೊಟ್ಟು, ಬೋಲ್ಟು ಬಿಗಿಯಾಗುವ ದಿಕ್ಕಿಗೆ ತೂಕ ಬಿಡಿ. ಜರ್ಕ್ ಬೇಡ. ಕೂದಲೆಳೆಯಷ್ಟು ಅಲುಗಿದರೂ ಖುಷಿಯಲ್ಲಿ ಎಳೆದುಬಿಡಬೇಡಿ. ಫ್ಲೈವೀಲ್ ಹಲ್ಲಿಗೆ ಕಬ್ಬಿಣದ ಸಲಾಕೆ ಕೊಟ್ಟು ಹಿಂದಕ್ಕೆ ತನ್ನಿ, ಎಣ್ಣೆ ಹಾಕಿ, ಮತ್ತೆ ಮುಂದಕ್ಕೆ. ತುಕ್ಕಿನ ಪುಡಿಯನ್ನು ರಿಂಗು ತಾನೇ ಗುಡಿಸಿಕೊಳ್ಳಲು ಜಾಗ ಬೇಕು. ಬಲವಂತ ಮಾಡಿದರೆ ಪಿಸ್ಟನ್ನಿನಲ್ಲಿ ರಿಂಗು ಕೂರುವ ಕಾಲುವೆಯ ಅಂಚೇ ಮುರಿಯುತ್ತದೆ. ಎರಡು ವಾರಕ್ಕೂ ಮಿಸುಕದಿದ್ದರೆ ಹೆಡ್ ಬಿಚ್ಚಿ. ಹಿಡಿದ ಪಿಸ್ಟನ್ ನಡುಮಟ್ಟದಲ್ಲಿದ್ದರೆ ಗಟ್ಟಿ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಬಹುದು. ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಇದ್ದರೆ ತಟ್ಟಿ ಪ್ರಯೋಜನವಿಲ್ಲ. ರಾಡು ನೇರ ನಿಂತಿರುತ್ತದೆ, ಹೊಡೆದ ಪೆಟ್ಟೆಲ್ಲ ಬೇರಿಂಗಿಗೆ ಹೋಗುತ್ತದೆ, ಕ್ರ್ಯಾಂಕ್ ತಿರುಗುವುದಿಲ್ಲ.

ಬಿಟ್ಟಿತು ಅಂದುಕೊಳ್ಳಿ. ಆ ಕ್ಷಣ ಎಲ್ಲರಿಗೂ ಸ್ಟಾರ್ಟ್ ಮಾಡಿ ನೋಡುವ ಆಸೆ ಹುಟ್ಟುತ್ತದೆ. ತಡೆದುಕೊಳ್ಳಿ. ತುಕ್ಕಿದ್ದ ಲೈನರಿನಲ್ಲಿ ರಿಂಗು ಓಡುವುದು ಉಪ್ಪುಕಾಗದದ ಮೇಲೆ ಓಡಿದಂತೆ. ಹೆಡ್ ತೆಗೆದು ನೋಡಲೇಬೇಕು.

ಈಗ ತುಕ್ಕು ತೆಗೆಯುವ ವಿಚಾರ. ನಿಮ್ಮ ತಮ್ಮ ತೋರಿಸಿದ ಚಾರ್ಜರ್ ವಿಧಾನ ಸುಳ್ಳಲ್ಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, 4 ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟ್ ಚಾರ್ಜರಿನ ನೆಗೆಟಿವ್ ತುದಿ ನಿಮ್ಮ ಭಾಗಕ್ಕೆ, ಪಾಸಿಟಿವ್ ತುದಿ ಬೇಡದ ಒಂದು ಸಾದಾ ಕಬ್ಬಿಣದ ಪಟ್ಟಿಗೆ. ಎರಡೂ ನೀರಿನಲ್ಲಿ ಮುಳುಗಿರಬೇಕು, ಒಂದನ್ನೊಂದು ಮುಟ್ಟಬಾರದು. ಸ್ವಿಚ್ ಹಾಕಿದ ಮೇಲೆ ಭಾಗದ ಮೈಯಿಂದ ಸೋಡಾ ಬಾಟಲಿಯಲ್ಲಿ ಏಳುವಂಥ ಸಣ್ಣ ಗುಳ್ಳೆ ಏಳುತ್ತದೆ, ಮೇಲೆ ಕಂದು ನೊರೆ ಕಟ್ಟುತ್ತದೆ. ಮಾರನೆಯ ದಿನ ತೆಗೆದರೆ ಕೆಂಪು ಹೋಗಿ ಕರಿ ಮಸಿಯಂಥದ್ದು ಉಳಿದಿರುತ್ತದೆ, ಬ್ರಷ್ಷಿನಲ್ಲಿ ಉಜ್ಜಿದರೆ ಬರುತ್ತದೆ. ಈ ವಿಧಾನದ ದೊಡ್ಡ ಗುಣವೆಂದರೆ ತುಕ್ಕು ಹೋದ ಮೇಲೆ ಒಳ್ಳೆಯ ಕಬ್ಬಿಣವನ್ನು ಅದು ತಿನ್ನುವುದಿಲ್ಲ. ಎರಡು ದಿನ ಮರೆತರೂ ನಷ್ಟವಿಲ್ಲ. ಪಟ್ಟಿಗೆ ಎದುರಾಗಿರುವ ಮುಖ ಬೇಗ ಬಿಡುತ್ತದೆ, ಬೆನ್ನ ಕಡೆಯದು ನಿಧಾನ. ಹಾಗಾಗಿ ಆಗಾಗ ತಿರುಗಿಸಿಡಿ.

ಆದರೆ ಕೆಲವು ವಿಷಯದಲ್ಲಿ ರಾಜಿ ಇಲ್ಲ. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ. ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯಬಹುದು. ವಾಷಿಂಗ್ ಸೋಡಾ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಆದ್ದರಿಂದ ಡ್ರಮ್ಮು ಬಯಲಿನಲ್ಲಿರಲಿ, ಕ್ಲಿಪ್ ತೆಗೆಯುವ ಮೊದಲು ಸ್ವಿಚ್ ಆರಿಸಿ. ತುದಿ ಅದಲು ಬದಲಾದರೆ ನಿಮ್ಮ ಭಾಗವೇ ಕರಗಲು ಶುರು. ಅಲ್ಯೂಮಿನಿಯಂ ಭಾಗ ಈ ನೀರಿಗೆ ಇಳಿಯಲೇಬಾರದು, ಅಂದರೆ ಪಿಸ್ಟನ್, ಕೆಲವು ಹೌಸಿಂಗ್‌ಗಳು. ವಾಲ್ವ್ ಸ್ಪ್ರಿಂಗು, ರಾಡ್ ಬೋಲ್ಟು, ಹೆಡ್ ಬೋಲ್ಟುಗಳಂಥ ಗಟ್ಟಿ ಉಕ್ಕಿನ ಸಾಮಾನನ್ನೂ ಹಾಕಬೇಡಿ. ಹೈಡ್ರೋಜನ್ ಉಕ್ಕಿನ ಒಳಗೆ ಸೇರಿಕೊಂಡು ಅದನ್ನು ಪೆಡಸು ಮಾಡುತ್ತದೆ. ಹೊರಗೆ ಹೊಸದರಂತೆ ಹೊಳೆಯುವ ಬೋಲ್ಟು ಬಿಗಿಯುವಾಗಲೋ, ಓಡುವಾಗಲೋ ಕಡ್ಡಿ ಮುರಿದ ಹಾಗೆ ಮುರಿಯುತ್ತದೆ. ಅಷ್ಟಕ್ಕೂ ತುಕ್ಕು ತಿಂದ ರಾಡ್ ಬೋಲ್ಟನ್ನು ಉಳಿಸಿಕೊಳ್ಳುವ ಯೋಚನೆಯೇ ಬೇಡ, ಹೊಸದು ತನ್ನಿ.

ಟಾಯ್ಲೆಟ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ನಿಮಿಷದಲ್ಲಿ ತುಕ್ಕು ತೆಗೆಯುವುದು ನಿಜ. ಅದಕ್ಕೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ ಅನ್ನುವುದೂ ನಿಜ. ತುಕ್ಕು ಮುಗಿದ ಕೂಡಲೇ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ. ಬೋಲ್ಟಿನ ದಾರದಲ್ಲಿ, ಎರಕದ ಸಣ್ಣ ಸಂದುಗಳಲ್ಲಿ ಉಳಿದದ್ದು ವಾರದೊಳಗೆ ಮತ್ತೆ ಕೆಂಪು ಬರಿಸುತ್ತದೆ. ಹೊಗೆ ಇನ್ನೂ ಕೆಟ್ಟದ್ದು. ಹಿಂದೆ ಒಂದು ಸಲ ನಾನು ಮುಚ್ಚಳವಿಲ್ಲದ ಬಕೆಟ್ಟಿನಲ್ಲಿ ಆಸಿಡ್ ಇಟ್ಟು ಶೆಡ್ ಬೀಗ ಹಾಕಿ ಹೋಗಿದ್ದೆ. ಎರಡು ದಿನ ಬಿಟ್ಟು ಬಂದು ನೋಡಿದರೆ ಗೋಡೆಗೆ ತೂಗುಹಾಕಿದ್ದ ಪಾನಾಗಳೆಲ್ಲ ಕಿತ್ತಳೆ ಬಣ್ಣ. ಡ್ರಿಲ್ ಬಿಟ್‌ಗಳು, ಫೈಲು, ಮೈಕ್ರೊಮೀಟರಿನ ಮೈ, ಯಾವುದೂ ಉಳಿದಿರಲಿಲ್ಲ. ಅದನ್ನು ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಿದರಂತೂ ಕ್ಲೋರಿನ್ ಏಳುತ್ತದೆ, ಮುಚ್ಚಿದ ಜಾಗದಲ್ಲಿ ಜೀವಕ್ಕೇ ಅಪಾಯ.

ಆಸಿಡ್ಡೇ ಬೇಕೆಂದರೆ ಸಿಟ್ರಿಕ್ ಆಸಿಡ್ ಪುಡಿ ಸಾಧು ಸ್ವಭಾವದ್ದು. ಲೀಟರಿಗೆ 50 ಗ್ರಾಂ, ಕೆಲವು ಗಂಟೆ, ನಡುನಡುವೆ ತೆಗೆದು ನೋಡುತ್ತಿರಬೇಕು. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರಿ. ಊಟ ಮಾಡಿ ಬಂದು ಎಣ್ಣೆ ಹಚ್ಚೋಣ ಅಂದರೆ ಅಷ್ಟರಲ್ಲಿ ಹಳದಿ ಪೊರೆ ಬಂದಿರುತ್ತದೆ. ವಿನೆಗರ್ ಕೂಡ ಹೀಗೆಯೇ, ನಿಧಾನ. ಅವಸರವಿಲ್ಲದವರಿಗೆ ಕಾಕಂಬಿ ಇದೆ. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಒಂದರಿಂದ ಮೂರು ವಾರ. ಒಳ್ಳೆಯ ಕಬ್ಬಿಣಕ್ಕೆ ಹೆಚ್ಚು ಕಾಟ ಕೊಡದೆ ತುಕ್ಕನ್ನು ಕಳಚುತ್ತದೆ, ಅಲ್ಯೂಮಿನಿಯಂಗೆ ಮಾತ್ರ ಆಗದು. ವಾಸನೆ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಡಿ. ಇನ್ನು ಕರಿ ಬಣ್ಣಕ್ಕೆ ತಿರುಗಿಸುವ ಫಾಸ್ಫಾರಿಕ್ ಆಸಿಡ್ ಮೂಲದ 'ರಸ್ಟ್ ಕನ್ವರ್ಟರ್' ಬ್ರ್ಯಾಕೆಟ್, ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಹೊರಮೈ, ಚಾಸಿಗೆ ಸರಿ, ಬಣ್ಣ ಬಳಿಯುವ ಮೊದಲು. ಅಳತೆ ಮುಖ್ಯವಾದ ಯಾವ ಮೈಗೂ ಅದನ್ನು ಸೋಕಿಸಬೇಡಿ.

ಉಜ್ಜುವ ವಿಧಾನದಲ್ಲಿ ನಾನೇ ಕಲಿತ ಪಾಠ ಒಂದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬ್ಲಾಕಿನ ಮೇಲಿನ ಹಳೆ ಪ್ಯಾಕಿಂಗ್ (ಗ್ಯಾಸ್ಕೆಟ್) ಕೆರೆಯಲು ಏರ್ ಗನ್ನಿಗೆ ನಾರಿನ ಉಜ್ಜುವ ಡಿಸ್ಕ್ ಸಿಕ್ಕಿಸಿಕೊಂಡು ಹತ್ತು ನಿಮಿಷದಲ್ಲಿ ಕನ್ನಡಿ ಮಾಡಿದ್ದೆ. ಮೇಸ್ತ್ರಿ ಊರಲ್ಲಿರಲಿಲ್ಲ. ಎಂಜಿನ್ ಕಟ್ಟಿ ಕಳಿಸಿದೆವು. ಸ್ವಲ್ಪ ದಿನಕ್ಕೇ ಆಯಿಲ್ ಪ್ರೆಷರ್ ಬಿದ್ದು ಗಾಡಿ ವಾಪಸ್ ಬಂತು. ಬೇರಿಂಗ್ ಶೆಲ್ ಬಿಚ್ಚಿದರೆ ಬೂದು ಮೈಯ ಮೇಲೆ ಬಾಚಣಿಗೆಯಿಂದ ಎಳೆದಂಥ ಗೀರುಗಳು. ಟಾರ್ಚ್ ಬೆಳಕಿಗೆ ಓರೆ ಹಿಡಿದಾಗ ಗೀರಿನ ತುದಿಯಲ್ಲಿ ಸಕ್ಕರೆ ಕಾಳಿನ ಚೂರಿನಂತೆ ಏನೋ ಮಿನುಗಿತು. ಆ ಡಿಸ್ಕಿನ ನಾರಿಗೆ ಅಂಟಿಸಿರುವುದು ಅಲ್ಯೂಮಿನಿಯಂ ಆಕ್ಸೈಡ್, ಕ್ರ್ಯಾಂಕಿಗಿಂತ ಗಟ್ಟಿ. ಉದುರಿದ ಪುಡಿ ಎಣ್ಣೆ ದಾರಿಗೆ ಇಳಿದಿತ್ತು. ಅಂದಿನಿಂದ ತೆರೆದ ಎಂಜಿನ್ನಿನ ಹತ್ತಿರ ಉಜ್ಜುವ ಡಿಸ್ಕಾಗಲಿ, ಸ್ಯಾಂಡ್ ಬ್ಲಾಸ್ಟಿಂಗಾಗಲಿ ಬಿಡುವುದಿಲ್ಲ. ಪ್ಯಾಕಿಂಗ್ ತೆಗೆಯಲು ಬ್ಲೇಡು, ತಾಳ್ಮೆ, ಸ್ವಲ್ಪ ಎಣ್ಣೆ. ಹಳೆ ಪ್ಯಾಕಿಂಗ್ ಮತ್ತು ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್, ಹಳೆ ಬಣ್ಣದಲ್ಲಿ ಸೀಸ ಇರಬಹುದು. ಆದ್ದರಿಂದ ಒದ್ದೆ ಮಾಡಿಯೇ ಕೆರೆಯಿರಿ, ಗಾಳಿ ಹೊಡೆದು ಧೂಳೆಬ್ಬಿಸಬೇಡಿ. ವೈರ್ ಬ್ರಷ್ ಚಕ್ರ ಹಾಕುವಾಗ ಕಣ್ಣಿಗೆ ಕನ್ನಡಕ. ತಂತಿ ಹಾರಿ ಚುಚ್ಚುವುದು ಅಪರೂಪವೇನಲ್ಲ.

ತೊಳೆದಾದ ಮೇಲೆ ಅಳೆಯುವ ಕೆಲಸ. ಮನೆಯಲ್ಲಿ ಎಂಜಿನ್ ಕಟ್ಟುವವರು ಹೆಚ್ಚಾಗಿ ಸೋಲುವುದು ಇಲ್ಲೇ. ಬೈಕಿನಲ್ಲಿ ಕಣ್ಣಂದಾಜು ನಡೆದಿರಬಹುದು, ಇಲ್ಲಿ ನಡೆಯುವುದಿಲ್ಲ. ಮೈಕ್ರೊಮೀಟರ್, ಬೋರ್ ಗೇಜ್, ಡಯಲ್ ಗೇಜ್, ಫಿಲ್ಲರ್ ಗೇಜ್ ಮತ್ತು ನಿಮ್ಮ ಎಂಜಿನ್ನಿನ ಸರ್ವೀಸ್ ಪುಸ್ತಕ, ಇವಿಲ್ಲದೆ ಮುಂದೆ ಹೋಗಬೇಡಿ. ಲೈನರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿಗೆ ಅಳೆಯಿರಿ. ಮೇಲೆ ಸವೆತ ಹೆಚ್ಚು, ಅಲ್ಲಿ ಉಗುರಿಗೆ ಸಿಗುವಂಥ ಮೆಟ್ಟಿಲಿರುತ್ತದೆ. ಆ ಮೆಟ್ಟಿಲನ್ನು ತೆಗೆಯದೆ ಪಿಸ್ಟನ್ ಮೇಲಕ್ಕೆಳೆದರೆ ಪಿಸ್ಟನ್ ಒಡೆಯಬಹುದು. ಹಾಗೇ ಬಿಟ್ಟು ಹೊಸ ರಿಂಗು ಹಾಕಿದರೆ ಮೊದಲ ರಿಂಗು ಅದಕ್ಕೆ ಬಡಿದು ಮುರಿಯುತ್ತದೆ. ತುಕ್ಕು ಕುಳಿಗೂ ಉಗುರೇ ಪರೀಕ್ಷೆ. ಉಗುರು ಎಡವುತ್ತದೆಯೇ? ರಿಂಗು ಓಡುವ ಜಾಗದಲ್ಲಾದರೆ ಆ ಲೈನರ್ ಬದಲಾಗಬೇಕು. ಹೋನಿಂಗ್ ಮಾಡಿ ಕುಳಿ ಮಾಯ ಮಾಡುತ್ತೇನೆ ಅನ್ನುವವರನ್ನು ನಂಬಬೇಡಿ. ಹೋನಿಂಗ್ ಇರುವುದು ಎಣ್ಣೆ ನಿಲ್ಲಲು ಅಡ್ಡಡ್ಡ ಗೀರು ಹಾಕಲಿಕ್ಕೆ, ಗುಂಡಿ ಮುಚ್ಚಲಿಕ್ಕಲ್ಲ.

ಲಾರಿ ಡೀಸೆಲ್‌ಗಳಲ್ಲಿ ಬಹಳಷ್ಟಕ್ಕೆ ವೆಟ್ ಲೈನರ್ ಇರುತ್ತದೆ. ಅಂದರೆ ಲೈನರಿನ ಹೊರಮೈಗೆ ನೀರು ನೇರ ತಾಗುತ್ತದೆ. ಮನೆಯಲ್ಲಿ ಮಾಡುವವರಿಗೆ ಇದು ವರ. ಬೋರಿಂಗ್ ಬೇಡ, ಹಳೆಯದನ್ನು ಪುಲ್ಲರಿನಲ್ಲಿ ಎಳೆದು ಹೊಸ ಲೈನರ್-ಪಿಸ್ಟನ್ ಸೆಟ್ ಕೂರಿಸಬಹುದು. ತೆಗೆದ ಲೈನರಿನ ಹೊರಮೈ ತಪ್ಪದೆ ನೋಡಿ. ಒಂದು ಪಕ್ಕದಲ್ಲಿ ಮಾತ್ರ ಗೆದ್ದಲು ತಿಂದಂತೆ ಸಾಲು ಸಾಲು ತೂತಿದ್ದರೆ ಅದು ಬರೀ ತುಕ್ಕಲ್ಲ. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗಿ, ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತ ಲೋಹ ಕೀಳುವ ಕ್ಯಾವಿಟೇಶನ್. ಕೂಲಂಟ್ ಬಿಟ್ಟು ಬರೀ ನೀರು ಹಾಕಿಕೊಂಡು ಓಡಿಸಿದ ಗಾಡಿಗಳಲ್ಲಿ ಜಾಸ್ತಿ. ಬ್ಲಾಕಿನ ನೀರಿನ ಕೋಣೆಯ ತಳದಲ್ಲಿ, ಅದರಲ್ಲೂ ಹಿಂದಿನ ಸಿಲಿಂಡರಿನ ಸುತ್ತ, ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಬ್ಲಾಕಿನ ಪಕ್ಕದ ತೂತು ಮುಚ್ಚಿರುವ ಬಿಲ್ಲೆ, ಅಂದರೆ ಕೋರ್ ಪ್ಲಗ್ ತೆಗೆದು ಕಂಬಿಯಿಂದ ಕೆದಕಿ ತೆಗೆಯಿರಿ, ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಕಟ್ಟಿದರೂ ಆ ಸಿಲಿಂಡರ್ ಬಿಸಿಯಾಗುತ್ತದೆ. ಹೊಸ ಲೈನರ್ ಕೂತ ಮೇಲೆ ಅದರ ಅಂಚು ಬ್ಲಾಕಿನ ಮುಖಕ್ಕಿಂತ ಎಷ್ಟು ಎದ್ದಿದೆ ಎಂದು ಡಯಲ್ ಗೇಜಿನಲ್ಲಿ ನೋಡಬೇಕು. ಪುಸ್ತಕದಲ್ಲಿ ಅದು ಮಿಲಿಮೀಟರಿನ ನೂರನೇ ಭಾಗಗಳಲ್ಲಿರುತ್ತದೆ. ಅಕ್ಕಪಕ್ಕದ ಲೈನರುಗಳು ಸಮ ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಉಳಿಯುವುದಿಲ್ಲ.

ಕ್ರ್ಯಾಂಕ್, ಹೆಡ್ ಎರಡನ್ನೂ ಲೇತಿನವರಿಗೆ ಕೊಡಿ. ಇದರಲ್ಲಿ ಮನೆ ಪ್ರಯೋಗ ಬೇಡ. ಜರ್ನಲ್ ಮೇಲಿನ ಬರೀ ಕಲೆ ಪಾಲಿಶ್‌ಗೆ ಹೋಗುತ್ತದೆ. ಕುಳಿಯಿದ್ದರೆ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಕೆಲವು ಕ್ರ್ಯಾಂಕುಗಳ ಮೈಯನ್ನು ನೈಟ್ರೈಡಿಂಗ್‌ನಿಂದ ಗಟ್ಟಿ ಮಾಡಿರುತ್ತಾರೆ. ಉಜ್ಜಿದರೆ ಆ ಪದರ ಹೋಗುತ್ತದೆ, ಮತ್ತೆ ಮಾಡಿಸಬೇಕು. ಕೊಡುವಾಗಲೇ ಕೇಳಿ. ಹೆಡ್ಡಿನಲ್ಲಿ ಎರಡು ವಾಲ್ವಿನ ನಡುವಿನ ಸೇತುವೆಯಲ್ಲಿ ಬಿರುಕು ಬರುತ್ತದೆ. ಪ್ರೆಷರ್ ಟೆಸ್ಟ್ ಮಾಡಿಸದೆ ವಾಲ್ವ್ ಕೆಲಸಕ್ಕೆ ಖರ್ಚು ಮಾಡಬೇಡಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಬಿಡಿಸಿ, ಆಯಿಲ್ ಬದಲಿಸಿ, ಹಾಗೇ ಓಡಿಸುವುದು ಒಂದು. ಹೆಡ್ ತೆಗೆದಾಗ ತುಕ್ಕು ಬರೀ ಕಲೆಯಾಗಿದ್ದರೆ, ಶೆಡ್ಡಿನಿಂದ ಅಂಗಳಕ್ಕೆ ಓಡಿಸುವ ಆಸೆಗೆ ಅಷ್ಟು ಸಾಕಾಗಬಹುದು. ಆಯಿಲ್ ಕುಡಿಯುತ್ತದೆ, ಬ್ಯಾಕ್ ಕಂಪ್ರೆಷನ್ ಹೊಡೆಯುತ್ತದೆ (ಸಿಲಿಂಡರಿನ ಒತ್ತಡ ರಿಂಗು ದಾಟಿ ಕೆಳಗಿಳಿಯುತ್ತದೆ), ಲೋಡ್ ಹಾಕುವಂತಿಲ್ಲ. ಎಂಜಿನ್ ಇಳಿಸದೆ ಹೆಡ್ ಮತ್ತು ಚೇಂಬರ್ ತೆಗೆದು ಲೈನರ್, ಪಿಸ್ಟನ್, ರಿಂಗು, ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹಾಕುವ ಹಾಫ್ ಎಂಜಿನ್ ಕೆಲಸ ಇನ್ನೊಂದು. ಜರ್ನಲುಗಳು ಅಳತೆಯಲ್ಲಿ ಪಾಸಾದರೆ ಮಾತ್ರ ಅದಕ್ಕೆ ಅರ್ಥ. ಒಂದೇ ಒಂದು ಫೇಲಾದರೂ ಎಂಜಿನ್ ಇಳಿಸಿ ಫುಲ್ ಕೆಲಸಕ್ಕೇ ಹೋಗಿ. ಓಡುತ್ತಿರುವ ಬೇರೆ ಹಳೆ ಎಂಜಿನ್ ತಂದು ಕೂರಿಸುವುದು ಎಷ್ಟೋ ಸಲ ಅಗ್ಗದ ದಾರಿ, ಆದರೆ ಅದರ ಒಳಗೇನಿದೆ ಎಂದು ಅದನ್ನೂ ಬಿಚ್ಚದೆ ತಿಳಿಯದು. ಅಪ್ಪನ ಲಾರಿ ಅನ್ನುವ ಕಾರಣಕ್ಕೆ ನೀವು ಅದನ್ನು ಒಪ್ಪುವುದೂ ಕಷ್ಟ ಅನಿಸುತ್ತದೆ. ರಿಂಗು ಮಾತ್ರ ಬದಲಿಸಿ ಮುಚ್ಚುವುದೊಂದನ್ನು ಮಾಡಬೇಡಿ. ಕುಳಿ ಬಿದ್ದ ಲೈನರಿಗೆ ಹೊಸ ರಿಂಗು ಹಾಕುವುದು ದುಡ್ಡು ಸುರಿದು ಆಯಿಲ್ ಸುಟ್ಟಂತೆ. ನನ್ನ ಅಂದಾಜು, ನಿಮ್ಮದು ಹಾಫ್ ಕೆಲಸಕ್ಕೆ ನಿಲ್ಲಬಹುದು. ನಿಲ್ಲಿಸಿದ ದಿನ ಚೆನ್ನಾಗಿತ್ತು ಎಂದಿದ್ದೀರಿ, ಕ್ರ್ಯಾಂಕ್ ಇರುವ ಕಡೆ ಎಣ್ಣೆಯ ಪಸೆ ಬೇಗ ಆರುವುದಿಲ್ಲ.

ಬಿಚ್ಚುವಾಗ ಫೋಟೊ ತೆಗೆಯಿರಿ, ಅದಕ್ಕಿಂತ ಮುಖ್ಯವಾಗಿ ಗುರುತು ಹಾಕಿ. ಬೇರಿಂಗನ್ನು ಹಿಡಿದಿಡುವ ಕ್ಯಾಪುಗಳಲ್ಲಿ ರಾಡ್ ಕ್ಯಾಪು ಅದರ ರಾಡಿಗೇ, ಮೇನ್ ಕ್ಯಾಪು ಅದರ ಜಾಗಕ್ಕೇ, ಅದೇ ದಿಕ್ಕಿನಲ್ಲೇ ಹೋಗಬೇಕು. ಜೋಡಿಯಾಗಿ ಬೋರ್ ಮಾಡಿದ್ದು ಅವು, ಅದಲು ಬದಲಾದರೆ ರಂಧ್ರ ದುಂಡಗೇ ಇರುವುದಿಲ್ಲ. ಟ್ಯಾಪೆಟ್, ಪುಶ್ ರಾಡ್‌ಗಳಿಗೆ ರಟ್ಟಿನಲ್ಲಿ ತೂತು ಕೊರೆದು ನಂಬರ್ ಬರೆದು ಚುಚ್ಚಿಡಿ. ಎಂಜಿನ್ ಇಳಿಸಬೇಕಾದರೆ ಆರು ಸಿಲಿಂಡರಿನದ್ದು ಅರ್ಧ ಟನ್ನಿನ ಆಸುಪಾಸು ತೂಗುತ್ತದೆ ಎಂಬುದು ನೆನಪಿರಲಿ. ಶೆಡ್ಡಿನ ಮಾಡಿನ ಮರದ ತೊಲೆಗೆ ಚೈನ್ ಬ್ಲಾಕ್ ಕಟ್ಟುವ ಸಾಹಸ ಬೇಡ.

ಕಟ್ಟುವ ಮುಂಚಿನ ತೊಳೆತವೇ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಕು. ಎಣ್ಣೆ ದಾರಿಯ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಉದ್ದ ಬ್ರಷ್ ಹಾಕಿ ಎಳೆಯಿರಿ. ಹೋನಿಂಗ್ ಆದ ಲೈನರನ್ನು ಡೀಸೆಲ್, ಪೆಟ್ರೋಲಿನಲ್ಲಿ ಒರೆಸಿದರೆ ಎಣ್ಣೆ ಹೋಗುತ್ತದೆ, ಕಲ್ಲಿನ ಪುಡಿ ಗೀರಿನಲ್ಲೇ ಕೂತಿರುತ್ತದೆ. ಬಿಸಿ ನೀರು, ಸೋಪು, ಗಟ್ಟಿ ಬ್ರಷ್. ಒಣಗಿಸಿ ಬಿಳಿ ಬಟ್ಟೆಗೆ ಎಂಜಿನ್ ಆಯಿಲ್ ಹಚ್ಚಿ ಒರೆಸಿ ನೋಡಿ. ಬಟ್ಟೆ ಬೂದು ಬಂದರೆ ಮತ್ತೆ ಸೋಪು. ನಾಲ್ಕನೆಯ ಸಲಕ್ಕೂ ಬೂದು ಬರುವುದುಂಟು, ಬೇಸರ ಬೇಡ. ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಲೈನರಿನಲ್ಲಿಟ್ಟು ಬಾಯಿಯ ಗ್ಯಾಪ್ ನೋಡಿ. 100 ಮಿ.ಮೀ. ಬೋರಿಗೆ ಸುಮಾರು 0.4 ಮಿ.ಮೀ. ಎಂಬುದು ಒರಟು ಲೆಕ್ಕ, ಪುಸ್ತಕ ಹೇಳಿದ್ದೇ ಅಂತಿಮ. ಬೇರಿಂಗ್ ಪ್ಲೇ ನೋಡಲು ಪ್ಲಾಸ್ಟಿಗೇಜ್ ಎಳೆ ಇಟ್ಟು ಟಾರ್ಕ್ ಮಾಡಿ ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಪಟ್ಟಿಯ ಜೊತೆ ಹೋಲಿಸಿ. ಹೆಡ್ ಬೋಲ್ಟು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ. ದಾರಕ್ಕೆ ಎಣ್ಣೆ ಹಚ್ಚಬೇಕೋ ಬೇಡವೋ ಎಂದು ಪುಸ್ತಕದಲ್ಲಿ ನೋಡಿಯೇ ಹಚ್ಚಿ. ಅದೇ ಟಾರ್ಕಿಗೆ ಎಣ್ಣೆ ಹಚ್ಚಿದ ಬೋಲ್ಟು ಹೆಚ್ಚು ಬಿಗಿಯಾಗುತ್ತದೆ.

ಮೊದಲ ಸ್ಟಾರ್ಟಿನ ಬಗ್ಗೆ ಎಚ್ಚರ ಹೇಳದೆ ಬಿಡುವಂತಿಲ್ಲ. 9 ವರ್ಷ ನಿಂತ ಡೀಸೆಲ್ ಪಂಪಿನಲ್ಲಿ ಇಂಧನದ ಅಳತೆ ನಿಯಂತ್ರಿಸುವ ಕಂಬಿ, ಅಂದರೆ ರ್‍ಯಾಕ್ ಪೂರ್ತಿ ತೆರೆದ ಕಡೆ ಅಂಟಿಕೊಂಡಿದ್ದರೆ ಎಂಜಿನ್ ಶುರುವಾದ ಕೂಡಲೇ ಕೂಗುತ್ತ ಏರುತ್ತದೆ, ಬೀಗದ ಕೈ ತಿರುಗಿಸಿದರೂ ನಿಲ್ಲುವುದಿಲ್ಲ. ಪಂಪನ್ನೂ ನಾಜಲ್‌ಗಳನ್ನೂ ಪಂಪ್ ಕೆಲಸದವರಲ್ಲಿ ಪರೀಕ್ಷೆ ಮಾಡಿಸಿಯೇ ಕೂರಿಸಿ. ಆದರೂ ಏರ್ ಫಿಲ್ಟರ್ ತೆಗೆದು, ಗಾಳಿ ಬಾಯಿಗೆ ಒತ್ತಿ ಹಿಡಿಯಲು ಚಪ್ಪಟೆ ಹಲಗೆಯೊಂದನ್ನು ಹಿಡಿದ ಮನುಷ್ಯ ಪಕ್ಕದಲ್ಲಿರಲಿ. ಹಲಗೆ, ಕೈಯಲ್ಲ. ಇಂಧನ ಬಂದ್ ಮಾಡಿ ಸೆಲ್ಫ್‌ನಿಂದ ತಿರುಗಿಸಿ ಆಯಿಲ್ ಪ್ರೆಷರ್ ಮುಳ್ಳು ಏಳುವುದನ್ನು ನೋಡಿ, ಆಮೇಲೆ ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ಅಂದರೆ ಏರ್ ಲಾಕ್ ತೆಗೆಯಿರಿ. ನಾಜಲ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ, ಗಾಯ ಸೂಜಿ ಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕಾಗುತ್ತದೆ. ಶುರುವಾದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ರಿಂಗು ಕೂರುವುದಿಲ್ಲ, ಲೈನರ್ ಗಾಜಿನಂತಾಗಿಬಿಡುತ್ತದೆ. ಬಿಸಿಯಾದ ಕೂಡಲೇ ಹದವಾದ ಲೋಡಿನಲ್ಲಿ, ವೇಗ ಬದಲಿಸುತ್ತ ಓಡಿಸಿ. ಮೊದಲ ಆಯಿಲ್ ಬೇಗ ಇಳಿಸಿ, ಫಿಲ್ಟರ್ ಕತ್ತರಿಸಿ ಒಳಗೆ ಏನು ಸಿಕ್ಕಿದೆ ನೋಡಿ.

ಈ ವಾರ ಇಷ್ಟು ಮಾಡಿ: ಬ್ಯಾಟರಿ ತೆಗೆದಿಡಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಸೆಲ್ಫ್ ಮೋಟರ್ ಮತ್ತು ಕಂಪ್ರೆಸರ್ ಬಿಚ್ಚಿ, ಆರೂ ನಾಜಲ್ ತೆಗೆದು ನಂಬರ್ ಬರೆಯಿರಿ. ಆ ತೂತುಗಳಲ್ಲಿ ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಇಳಿಸಿ ನೋಡಿ. ಯಾವ ಸಿಲಿಂಡರ್ ಕೆಂಪು, ಯಾವುದು ಕಪ್ಪು ಎಂದು ಬರೆದು ಕಳಿಸಿ, ಮುಂದಿನದನ್ನು ಅದರ ಮೇಲೆ ಹೇಳುತ್ತೇನೆ.